ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ದಾರಿ ಹುಡುಕೋದು: ಮಹಡಿ ಆಮೇಲೆ, ನಂಬರ್ ಮೊದಲು

ದೊಡ್ಡ ವಿಶ್ವವಿದ್ಯಾಲಯದ ಲೈಬ್ರರಿಗೆ ಹೊಸದಾಗಿ ಬಂದವರಲ್ಲಿ ಜಾಸ್ತಿ ಜನ ಮಾಡುವುದು ಒಂದೇ ಕೆಲಸ. ಬಾಗಿಲ ಹತ್ತಿರ ಖಾಲಿ ಇರುವ ಮೇಜು ಹಿಡಿಯುತ್ತಾರೆ, ಮನೆಯಿಂದ ತಂದ ನೋಟ್ಸ್ ಓದುತ್ತಾರೆ, ಎದ್ದು ಹೋಗುತ್ತಾರೆ. ಮೇಲಿನ ಮಹಡಿಗಳಲ್ಲಿ ಏನಿದೆ, ನೆಲಮಾಳಿಗೆಯಲ್ಲಿ ಏನಿದೆ ಅಂತ ಗೊತ್ತಾಗುವ ಹೊತ್ತಿಗೆ ಕೋರ್ಸೇ ಮುಗಿಯುತ್ತಾ ಬಂದಿರುತ್ತದೆ. ನನಗೆ ಇದು ನಿಜವಾಗಿಯೂ ಬೇಜಾರು ತರುವ ವಿಷಯ. ನೀವು ಕಟ್ಟಿದ ಫೀಸಿನಲ್ಲಿ ಆ ಎಲ್ಲ ಮಹಡಿಗಳೂ ಸೇರಿವೆ, ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಹಡಿಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ. ಮೂರನೇ ಮಹಡಿ, ಬಲಗಡೆ, ಕಿಟಕಿ ಪಕ್ಕದ ಕಪಾಟು ಅಂತ ನೆನಪಿಟ್ಟುಕೊಂಡರೆ, ಆ ಕಪಾಟನ್ನು ಬೇರೆ ಕಡೆ ಸರಿಸಿದ ದಿನ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಪುಸ್ತಕಗಳು ಕಟ್ಟಡ ನೋಡಿಕೊಂಡು ಕೂತಿಲ್ಲ, ತಮ್ಮ ನಂಬರ್ ನೋಡಿಕೊಂಡು ಕೂತಿವೆ. ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಇರುವ ಆ ನಂಬರಿಗೆ ಕಾಲ್ ನಂಬರ್ ಅನ್ನುತ್ತಾರೆ. ಅದನ್ನು ಓದುವುದು ಬಂದರೆ, ಯಾವ ಊರಿನ ಯಾವ ಲೈಬ್ರರಿಗೆ ಹೋದರೂ ಸ್ವಲ್ಪ ಹೊತ್ತಿನಲ್ಲೇ ದಾರಿ ಸಿಗುತ್ತದೆ.

ಕಪಾಟಿಗೆ ಹೋಗುವ ಮೊದಲು ಕ್ಯಾಟಲಾಗ್

ಒಳಗೆ ಹೋಗುತ್ತಿದ್ದಂತೆ ಎಲ್ಲೋ ಒಂದು ಕಡೆ ಹುಡುಕುವುದಕ್ಕೆಂದೇ ಇಟ್ಟ ಕಂಪ್ಯೂಟರ್ ಇರುತ್ತದೆ. ಅದರಲ್ಲಿ ಇರುವುದು ಓಪ್ಯಾಕ್, ಅಂದರೆ ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗ್. ಈಗ ಇದನ್ನು ಮೊಬೈಲಿನಲ್ಲೂ ನೋಡಬಹುದು, ಹಾಗಾಗಿ ಹಾಸ್ಟೆಲಿನಿಂದಲೇ ಹುಡುಕಿ, ಪುಸ್ತಕ ಇದೆ ಅಂತ ಖಚಿತ ಮಾಡಿಕೊಂಡು ಹೊರಡುವುದು ಒಳ್ಳೆಯದು.

ಹುಡುಕುವಾಗ ಪೂರ್ತಿ ಹೆಸರು ಟೈಪ್ ಮಾಡಬೇಡಿ. ಲೇಖಕರ ಹೆಸರಿನ ಒಂದು ಪದ, ಪುಸ್ತಕದ ಹೆಸರಿನಿಂದ ಒಂದೆರಡು ಮುಖ್ಯ ಪದ ಸಾಕು. ಜಾಸ್ತಿ ಪದ ಹಾಕಿದಷ್ಟೂ ಒಂದು ಅಕ್ಷರ ತಪ್ಪಿ ಏನೂ ಸಿಗದೆ ಹೋಗುವ ಸಾಧ್ಯತೆ ಜಾಸ್ತಿ. ನಿರ್ದಿಷ್ಟವಾಗಿ ಒಂದೇ ಆವೃತ್ತಿ ಬೇಕಿದ್ದರೆ ಐಎಸ್‌ಬಿಎನ್ ಹಾಕಿ. ಅದು ಪುಸ್ತಕದ ಮೇಲೆ ಅಚ್ಚಾದ ಗುರುತಿನ ನಂಬರ್, ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. 2007ಕ್ಕಿಂತ ಮೊದಲು ಅದರಲ್ಲಿ 10 ಅಂಕಿ ಇತ್ತು, ಆ ವರ್ಷದಿಂದ 13 ಆಗಿದೆ. ಹಾಗಾಗಿ ಹಳೆಯ ಪುಸ್ತಕದ ಚಿಕ್ಕ ನಂಬರ್ ನೋಡಿ ತಪ್ಪಿರಬೇಕು ಅಂದುಕೊಳ್ಳಬೇಡಿ. ಕನ್ನಡ ಪುಸ್ತಕ ಹುಡುಕುವವರಿಗೆ ಇನ್ನೊಂದು ವಿಷಯ: ಕೆಲವು ಕ್ಯಾಟಲಾಗುಗಳಲ್ಲಿ ಹೆಸರು ಕನ್ನಡ ಲಿಪಿಯಲ್ಲೇ ಇರುತ್ತದೆ, ಕೆಲವದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ. ಅದೂ ಒಬ್ಬೊಬ್ಬರು ಒಂದೊಂದು ಸ್ಪೆಲಿಂಗ್ ಹಾಕಿರುತ್ತಾರೆ, ದೀರ್ಘ ಇರುವ ಕಡೆ ಒಂದು ಅಕ್ಷರವೋ ಎರಡೋ ಅಂತ ಹೇಳಲು ಬರುವುದಿಲ್ಲ. ಎರಡೂ ಲಿಪಿಯಲ್ಲಿ ಹುಡುಕದೆ ಪುಸ್ತಕ ಇಲ್ಲ ಅಂತ ತೀರ್ಮಾನ ಮಾಡಬೇಡಿ.

ಪುಸ್ತಕ ಸಿಕ್ಕಿತು ಅಂದುಕೊಳ್ಳಿ. ಪರದೆಯ ಮೇಲೆ ಮೂರು ವಿಷಯ ಓದಬೇಕು. ಕಾಲ್ ನಂಬರ್, ಪುಸ್ತಕ ಇರುವ ವಿಭಾಗ, ಮತ್ತೆ ಪುಸ್ತಕದ ಸ್ಥಿತಿ, ಅಂದರೆ ಅದು ಒಳಗಿದೆಯಾ, ಹೊರಗೆ ಹೋಗಿದೆಯಾ ಅನ್ನುವುದು. ತುಂಬ ಜನ ನಂಬರ್ ಮಾತ್ರ ಬರೆದುಕೊಂಡು ಓಡುತ್ತಾರೆ, ವಿಭಾಗ ಬಿಟ್ಟುಬಿಡುತ್ತಾರೆ. ಅಲ್ಲೇ ತೊಂದರೆ ಶುರುವಾಗುವುದು, ಯಾಕೆಂದರೆ ಒಂದೇ ನಂಬರಿನ ಸಾಲು ಒಂದೇ ಕಟ್ಟಡದಲ್ಲಿ ನಾಲ್ಕೈದು ಕಡೆ ಇರಬಹುದು. ಸಾಮಾನ್ಯ ಪುಸ್ತಕಗಳದ್ದು ಒಂದು, ರೆಫರೆನ್ಸ್ ವಿಭಾಗದ್ದು ಒಂದು, ಪಠ್ಯಪುಸ್ತಕಗಳದ್ದು ಒಂದು, ಥೀಸಿಸ್‌ಗಳದ್ದು ಇನ್ನೊಂದು. ಕಪಾಟಿನ ಎತ್ತರಕ್ಕೆ ಹಿಡಿಸದ ದೊಡ್ಡ ಅಟ್ಲಾಸ್, ಕಲೆಯ ಪುಸ್ತಕಗಳನ್ನು ಸಾಮಾನ್ಯವಾಗಿ ಬೇರೆಯೇ ಇಟ್ಟಿರುತ್ತಾರೆ. ಸುಮ್ನೆ ಆ ಪರದೆಯ ಫೋಟೋ ತೆಗೆದುಕೊಳ್ಳಿ, ಮೂರೂ ಒಟ್ಟಿಗೆ ಸಿಗುತ್ತದೆ.

ನಂಬರ್ ಓದುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಡೀ ಕಟ್ಟಡ ಅರ್ಥವಾಗುವುದು ಇದರಿಂದಲೇ.

ಲೈಬ್ರರಿಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಪದ್ಧತಿ. ಒಂದು ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ, ಇನ್ನೊಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿ. ಚೀಟಿ ಮೂರು ಅಂಕಿಯಿಂದ ಶುರುವಾದರೆ ಸಾಮಾನ್ಯವಾಗಿ ಅದು ಡ್ಯೂಯಿ, ಇಂಗ್ಲಿಷ್ ಅಕ್ಷರದಿಂದ ಶುರುವಾದರೆ ಕಾಂಗ್ರೆಸ್. ಕೆಲವು ಲೈಬ್ರರಿಗಳ ಹಳೆಯ ಸಂಗ್ರಹದಲ್ಲಿ ಎಸ್. ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣವೂ ಸಿಗುತ್ತದೆ. ಅದು 1933ರಲ್ಲಿ ಬಂದದ್ದು, ನಂಬರಿನ ಮಧ್ಯೆ ಎರಡು ಚುಕ್ಕಿಯ ಗುರುತು ಕಂಡರೆ ಅದೇ ಇರಬಹುದು. ಅಂಥ ಪುಸ್ತಕಕ್ಕೆ ಸಿಬ್ಬಂದಿಯನ್ನೇ ಕೇಳುವುದು ಸುಲಭ.

ಡ್ಯೂಯಿಯಲ್ಲಿ ಎಲ್ಲ ವಿಷಯವನ್ನೂ ಹತ್ತು ಭಾಗ ಮಾಡಿದ್ದಾರೆ. 000ದಲ್ಲಿ ಕಂಪ್ಯೂಟರ್ ಮತ್ತು ಸಾಮಾನ್ಯ ವಿಷಯ, 100 ತತ್ವಶಾಸ್ತ್ರ ಮತ್ತು ಮನಃಶಾಸ್ತ್ರ, 200 ಧರ್ಮ, 300 ಸಮಾಜ ವಿಜ್ಞಾನ, 400 ಭಾಷೆ, 500 ವಿಜ್ಞಾನ, 600 ತಂತ್ರಜ್ಞಾನ, 700 ಕಲೆ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಒಳಗೆ ಹೋದಂತೆ ಸಣ್ಣದಾಗುತ್ತಾ ಹೋಗುತ್ತದೆ: 510 ಗಣಿತ, 530 ಭೌತಶಾಸ್ತ್ರ, 540 ರಸಾಯನಶಾಸ್ತ್ರ, 330 ಅರ್ಥಶಾಸ್ತ್ರ, 340 ಕಾನೂನು, 610 ವೈದ್ಯಕೀಯ. ಕನ್ನಡ ಸಾಹಿತ್ಯ 894.814ರಲ್ಲಿ, ಕನ್ನಡ ಭಾಷೆ 494.814ರಲ್ಲಿ. ಬಾಲದ ಆ 814 ಎರಡರಲ್ಲೂ ಒಂದೇ ಅನ್ನುವುದನ್ನು ಗಮನಿಸಿ. ಈ ಹತ್ತು ಭಾಗ ಗೊತ್ತಿದ್ದರೆ, ಲಿಫ್ಟ್ ಪಕ್ಕದ ಬೋರ್ಡಿನಲ್ಲಿ "2ನೇ ಮಹಡಿ: 300–499" ಅಂತ ಇದ್ದರೆ ಅಲ್ಲಿ ಏನಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಎಲ್ಲರೂ ಎಡವುವುದು ಚುಕ್ಕಿಯ ಆಚೆ. 519.535 ಮತ್ತು 519.54, ಇವೆರಡರಲ್ಲಿ ಯಾವುದು ಮೊದಲು? 535 ದೊಡ್ಡದು ಅಂತ ಅನಿಸುತ್ತದೆ, ಆದರೆ ಇದು ದಶಮಾಂಶ. ಒಂದೊಂದೇ ಅಂಕಿ ಹೋಲಿಸುತ್ತಾ ಹೋಗಬೇಕು. 5 ಮತ್ತು 5 ಸಮ, ಆಮೇಲೆ 3 ಮತ್ತು 4, ಹಾಗಾಗಿ 519.535 ಮೊದಲು. ಇಷ್ಟು ತಿಳಿಯದೆ ಪುಸ್ತಕ ಕಾಣೆಯಾಗಿದೆ ಅಂತ ಕೌಂಟರಿಗೆ ದೂರು ಕೊಡುವವರು ಬೇಕಾದಷ್ಟು ಜನ ಇದ್ದಾರೆ.

ನಂಬರಿನ ಕೆಳಗೆ ಒಂದೆರಡು ಅಕ್ಷರ, ಜೊತೆಗೆ ಅಂಕಿಯೂ ಇರಬಹುದು. ಅದು ಬಹುಪಾಲು ಲೇಖಕರ ಹೆಸರಿನ ಗುರುತು. ಒಂದೇ ನಂಬರಿನಲ್ಲಿ ಐವತ್ತು ಪುಸ್ತಕ ಇದ್ದರೆ ಅವುಗಳನ್ನು ಈ ಅಕ್ಷರದ ಕ್ರಮದಲ್ಲಿ ಜೋಡಿಸಿರುತ್ತಾರೆ. ಅದರ ಕೆಳಗೆ ವರ್ಷ ಇದ್ದರೆ ಪ್ರಕಟವಾದ ವರ್ಷ, ಸಂಪುಟದ ಸಂಖ್ಯೆ ಇದ್ದರೆ ಸಂಪುಟ.

ಕಾಂಗ್ರೆಸ್ ಪದ್ಧತಿಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಮೊದಲ ಅಕ್ಷರ ವಿಷಯ ಹೇಳುತ್ತದೆ: ಕ್ಯೂ ವಿಜ್ಞಾನ, ಟಿ ತಂತ್ರಜ್ಞಾನ, ಎಚ್ ಸಮಾಜ ವಿಜ್ಞಾನ, ಕೆ ಕಾನೂನು, ಎಲ್ ಶಿಕ್ಷಣ, ಪಿ ಭಾಷೆ ಮತ್ತು ಸಾಹಿತ್ಯ, ಆರ್ ವೈದ್ಯಕೀಯ. ಎರಡನೇ ಅಕ್ಷರ ಅದನ್ನು ಇನ್ನೂ ಕಿರಿದು ಮಾಡುತ್ತದೆ, ಕ್ಯೂಎ ಅಂದರೆ ಗಣಿತ. ಅಕ್ಷರದ ಪಕ್ಕದ ಅಂಕಿಯನ್ನು ಪೂರ್ಣ ಸಂಖ್ಯೆಯಾಗಿ ಓದಬೇಕು, ಅಂದರೆ ಕ್ಯೂಎ 9 ಮೊದಲು, ಕ್ಯೂಎ 76 ಆಮೇಲೆ, ಕ್ಯೂಎ 276 ಅದರ ನಂತರ. ಆದರೆ ಅದರ ಮುಂದೆ ಚುಕ್ಕಿ, ಅಕ್ಷರ ಮತ್ತು ಅಂಕಿ ಬಂದರೆ ಅಲ್ಲಿ ಮತ್ತೆ ದಶಮಾಂಶದ ನಿಯಮ: ಸಿ45 ಬರುವುದು ಸಿ5ಕ್ಕಿಂತ ಮೊದಲು. ಒಂದೇ ಚೀಟಿಯಲ್ಲಿ ಎರಡು ನಿಯಮ ಇರುವುದು ಗೊಂದಲವೇ. ಕಪಾಟಿನ ಮುಂದೆ ನಿಂತು ನಾಲ್ಕಾರು ಪುಸ್ತಕದ ಚೀಟಿಗಳನ್ನು ಓದುತ್ತಾ ಹೋದರೆ ಕೈಗೆ ಹತ್ತುತ್ತದೆ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ವಿಷಯ ಒಂದೇ ಮಹಡಿಯಲ್ಲಿ ಇರುತ್ತದೆ ಅಂತ ನಂಬಬೇಡಿ. ನೀರಿನ ಬಗ್ಗೆ ಓದುತ್ತಿದ್ದೀರಿ ಅಂದುಕೊಳ್ಳಿ. ಡ್ಯೂಯಿಯಲ್ಲಿ ನೀರು ಸಂಪನ್ಮೂಲವಾಗಿ 333.91ರಲ್ಲಿ ಇದೆ, ಊರಿನ ನೀರು ಪೂರೈಕೆಯ ಸೇವೆಯಾಗಿ 363.61ರಲ್ಲಿ, ಜಲವಿಜ್ಞಾನವಾಗಿ 551.48ರಲ್ಲಿ, ನೀರು ಸರಬರಾಜು ಎಂಜಿನಿಯರಿಂಗ್ ಆಗಿ 628.1ರಲ್ಲಿ. ಮೂರು ಮಹಡಿ ಆಯಿತು. ಕಂಪ್ಯೂಟರ್ ಕಲಿಯುವವರಿಗೂ ಇದೇ ಕಥೆ: ಪ್ರೋಗ್ರಾಮಿಂಗ್ 005ರಲ್ಲಿ, ಹಾರ್ಡ್‌ವೇರ್ ಎಂಜಿನಿಯರಿಂಗ್ 621.39ರಲ್ಲಿ. ಮನಃಶಾಸ್ತ್ರ 150, ಮಾನಸಿಕ ಕಾಯಿಲೆಯ ಚಿಕಿತ್ಸೆ 616.89. ಹಾಗಾಗಿ ಓಪ್ಯಾಕಿನಲ್ಲಿ ವಿಷಯದ ಹೆಸರು ಹಾಕಿ ಬಂದ ಪಟ್ಟಿಯಲ್ಲಿ ಯಾವ ಯಾವ ನಂಬರ್ ಮತ್ತೆ ಮತ್ತೆ ಬರುತ್ತದೆ ಅಂತ ನೋಡಿ, ಅವನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಲೈಬ್ರರಿಯ ನಕ್ಷೆ ಅಂದರೆ ಅದೇ.

ಮಹಡಿಗಳು ಯಾಕೆ ಹಾಗಿವೆ

ನೆಲಮಹಡಿಯಲ್ಲಿ ಸಾಮಾನ್ಯವಾಗಿ ಜನ ಬಂದು ಹೋಗುವ ಕೆಲಸಗಳು ಇರುತ್ತವೆ: ಬ್ಯಾಗ್ ಇಡುವ ಜಾಗ, ಇಶ್ಯೂ ಕೌಂಟರ್, ವಿಚಾರಣೆಯ ಮೇಜು, ದಿನಪತ್ರಿಕೆ. ಮೇಲೆ ಹೋದಂತೆ ಮಾತು ಕಡಿಮೆ ಆಗುತ್ತದೆ, ಪೂರ್ತಿ ಮೌನದ ಮಹಡಿ ಬಹಳ ಸಲ ಮೇಲ್ಗಡೆಯೇ ಇರುತ್ತದೆ. ಗುಂಪಾಗಿ ಚರ್ಚೆ ಮಾಡಬೇಕಿದ್ದರೆ ಅದಕ್ಕೇ ಬೇರೆ ಕೋಣೆಗಳು ಇರುತ್ತವೆ, ಮೊದಲೇ ಬುಕ್ ಮಾಡಬೇಕು, ಪರೀಕ್ಷೆ ಹತ್ತಿರ ಬಂದರೆ ಸಿಗುವುದಿಲ್ಲ.

ಹಳೆಯ ಜರ್ನಲ್‌ಗಳ ಬೌಂಡ್ ಸಂಪುಟಗಳು, ಅಂದರೆ ಸಂಶೋಧನಾ ಪತ್ರಿಕೆಗಳ ಸಂಚಿಕೆಗಳನ್ನು ಒಟ್ಟಿಗೆ ಸೇರಿಸಿ ಕಟ್ಟಿದವು, ತುಂಬ ಕಡೆ ನೆಲಮಾಳಿಗೆಯಲ್ಲಿ ಇರುತ್ತವೆ. ಅದಕ್ಕೆ ಕಾರಣ ಭಾರ. ಓದುವ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 300 ಕೆಜಿ ತಡೆದರೆ ಸಾಕು ಅಂತ ಎಂಜಿನಿಯರುಗಳು ಲೆಕ್ಕ ಹಾಕಿದರೆ, ಪುಸ್ತಕದ ಕಪಾಟು ನಿಲ್ಲುವ ನೆಲಕ್ಕೆ 700 ಕೆಜಿಗೂ ಜಾಸ್ತಿ ಇಟ್ಟುಕೊಳ್ಳುತ್ತಾರೆ. ಹಳಿಯ ಮೇಲೆ ಸರಿಯುವ, ಒಂದಕ್ಕೊಂದು ಅಂಟಿಕೊಂಡ ಕಪಾಟುಗಳಾದರೆ ಅದರ ಎರಡರಷ್ಟು. ಅಷ್ಟು ಭಾರವನ್ನು ನೆಲದ ಮೇಲೇ ಇಡುವುದು ಸುಲಭ. ಆ ಸರಿಯುವ ಕಪಾಟುಗಳ ಚಕ್ರ ತಿರುಗಿಸುವ ಮೊದಲು ಮಧ್ಯದ ಓಣಿಯಲ್ಲಿ ಯಾರಾದರೂ ಕೂತಿದ್ದಾರಾ ಅಂತ ಬಗ್ಗಿ ನೋಡಿ. ಇದನ್ನು ಮಾತ್ರ ಎಂದೂ ಮರೆಯಬೇಡಿ.

ಮಹಡಿಯ ಲೆಕ್ಕವೂ ಎಲ್ಲ ಕಡೆ ಒಂದೇ ಅಲ್ಲ. ಕೆಲವು ದೇಶಗಳಲ್ಲಿ ನೆಲಮಹಡಿಯೇ 1, ಕೆಲವು ಕಡೆ ಅದು 0, ಅದರ ಮೇಲಿನದು 1. ಇಳಿಜಾರಿನಲ್ಲಿ ಕಟ್ಟಿದ ಕಟ್ಟಡವಾದರೆ ಮುಖ್ಯ ಬಾಗಿಲೇ 2ನೇ ಮಹಡಿಯಲ್ಲಿ ಇರಬಹುದು. ಲಿಫ್ಟಿನ ಬಟನ್ ನೋಡಿ ನಂಬಿ, ನಿಮ್ಮ ಅಂದಾಜು ಬೇಡ.

ಕಪಾಟಿನ ಮುಂದೆ

ಪ್ರತಿ ಸಾಲಿನ ತುದಿಯಲ್ಲಿ ಇಂಥ ನಂಬರಿನಿಂದ ಇಂಥ ನಂಬರಿನ ತನಕ ಅಂತ ಬೋರ್ಡ್ ಇರುತ್ತದೆ. ನಿಮ್ಮ ನಂಬರ್ ಇರುವ ಸಾಲಿಗೆ ಹೋದ ಮೇಲೆ ಒಂದು ಕಪಾಟನ್ನು ಮೇಲಿನ ಖಾನೆಯಿಂದ ಕೆಳಗಿನ ಖಾನೆವರೆಗೆ ನೋಡಿ ಮುಗಿಸಿ, ಆಮೇಲೆ ಬಲಗಡೆಯ ಕಪಾಟಿಗೆ ಹೋಗಿ. ಮೇಲಿನ ಖಾನೆಯನ್ನೇ ಹಿಡಿದು ಸಾಲಿನ ಉದ್ದಕ್ಕೂ ನಡೆದರೆ ನಂಬರ್ ನಡುನಡುವೆ ಹಾರುತ್ತದೆ, ತಲೆ ಕೆಡುತ್ತದೆ.

ಪುಸ್ತಕ ಇದೆ ಅಂತ ಓಪ್ಯಾಕ್ ಹೇಳಿದೆ, ಕಪಾಟಿನಲ್ಲಿ ಇಲ್ಲ. ಆಗ ತಕ್ಷಣ ಹಿಂದಿರುಗಬೇಡಿ. ಅದೇ ಖಾನೆಯ ಎಡಬಲಕ್ಕೆ ಹತ್ತಿಪ್ಪತ್ತು ಪುಸ್ತಕ ನೋಡಿ, ಮೇಲಿನ ಮತ್ತು ಕೆಳಗಿನ ಖಾನೆ ನೋಡಿ, ಖಾನೆಯ ಹಿಂದಕ್ಕೆ ಬಿದ್ದಿದೆಯಾ ಅಂತ ಕೈ ಹಾಕಿ ನೋಡಿ. ಆಮೇಲೆ ಹತ್ತಿರದ ಮೇಜುಗಳು, ವಾಪಸ್ ಜೋಡಿಸಲು ಇಟ್ಟ ಟ್ರಾಲಿ, ಝೆರಾಕ್ಸ್ ಮೆಷಿನ್ ಪಕ್ಕ. ಅಲ್ಲೂ ಇಲ್ಲದಿದ್ದರೆ ಕೌಂಟರಿನಲ್ಲಿ ಹೇಳಿ, ಅವರು ಹುಡುಕುವ ಪಟ್ಟಿಗೆ ಸೇರಿಸುತ್ತಾರೆ. ಸುಮ್ಮನೆ ಹೊರಟುಹೋದರೆ ಅದು ಕಾಣೆಯಾಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನೋಡಿದ ಪುಸ್ತಕವನ್ನು ನೀವೇ ವಾಪಸ್ ಇಡಬೇಡಿ ಅಂತ ಲೈಬ್ರರಿಯವರು ಬೋರ್ಡ್ ಹಾಕಿರುತ್ತಾರೆ. ಇದು ನಿಮ್ಮ ಮೇಲಿನ ಅಪನಂಬಿಕೆಯಲ್ಲ. ಲಕ್ಷಗಟ್ಟಲೆ ಪುಸ್ತಕದ ನಡುವೆ ಒಂದು ಪುಸ್ತಕ ಎರಡು ಸಾಲು ಆಚೆ ಹೋದರೂ ಅದು ಕಳೆದುಹೋದ ಹಾಗೇ, ಮುಂದಿನ ಸಲ ಸಿಗುವುದು ಯಾರಾದರೂ ಅಕಸ್ಮಾತ್ ನೋಡಿದರೆ ಮಾತ್ರ. ಮೇಜಿನ ಮೇಲೋ ಟ್ರಾಲಿಯಲ್ಲೋ ಬಿಡಿ. ಎಷ್ಟೋ ಲೈಬ್ರರಿಗಳಲ್ಲಿ ಹಾಗೆ ಬಿಟ್ಟ ಪುಸ್ತಕಗಳನ್ನು ಎಣಿಸಿಕೊಳ್ಳುತ್ತಾರೆ ಕೂಡ, ಮನೆಗೆ ಒಯ್ಯದಿದ್ದರೂ ಬಳಕೆಯಲ್ಲಿರುವ ಪುಸ್ತಕ ಯಾವುದು ಅಂತ ಅದರಿಂದ ತಿಳಿಯುತ್ತದೆ.

ಮತ್ತೆ, ಬೇಕಾದ ಪುಸ್ತಕ ಕೈಗೆ ಸಿಕ್ಕ ಮೇಲೂ ಎರಡು ನಿಮಿಷ ಅಲ್ಲೇ ನಿಲ್ಲಿ. ಅಕ್ಕಪಕ್ಕದಲ್ಲಿ ಇರುವುದೆಲ್ಲ ಅದೇ ವಿಷಯದ ಪುಸ್ತಕಗಳು. ಯಾವ ಹುಡುಕು ಪೆಟ್ಟಿಗೆಯಲ್ಲೂ ಟೈಪ್ ಮಾಡಲು ನಿಮಗೆ ಹೊಳೆಯದ ಹೆಸರುಗಳು ಅಲ್ಲಿ ಕಣ್ಣಿಗೆ ಬೀಳುತ್ತವೆ. ಮುದ್ರಿತ ಪುಸ್ತಕಗಳ ಲೈಬ್ರರಿ ಇವತ್ತಿಗೂ ಯಾಕೆ ಬೇಕು ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಕೌಂಟರಿನಲ್ಲಿ ಸಿಗುವುದು, ಕೇಳಿದರೆ ಸಿಗುವುದು

ಪುಸ್ತಕ ತೆಗೆದುಕೊಳ್ಳುವುದು, ವಾಪಸ್ ಕೊಡುವುದು, ರಿನ್ಯೂ ಮಾಡುವುದು ಎಲ್ಲರಿಗೂ ಗೊತ್ತು. ರಿನ್ಯೂವನ್ನು ಓಪ್ಯಾಕಿನಲ್ಲಿ ಲಾಗಿನ್ ಆಗಿ ಮನೆಯಿಂದಲೇ ಮಾಡಬಹುದಾದ ಕಡೆ ಫೈನ್ ಕಟ್ಟುವ ಅಗತ್ಯ ಬಹಳ ಸಲ ಬರುವುದಿಲ್ಲ. ಬೇರೆಯವರ ಹತ್ತಿರ ಇರುವ ಪುಸ್ತಕಕ್ಕೆ ಮುಂಗಡವಾಗಿ ಹೆಸರು ಹಾಕಿಡಬಹುದು, ಅದು ವಾಪಸ್ ಬಂದ ಕೂಡಲೇ ನಿಮಗೆ ಮೆಸೇಜ್ ಬರುತ್ತದೆ. ಹಾಗೆ ಹೆಸರು ಹಾಕಿದರೆ ಇನ್ನೊಬ್ಬರಿಗೆ ಸಾಮಾನ್ಯವಾಗಿ ರಿನ್ಯೂ ಸಿಗುವುದಿಲ್ಲ, ಅದು ನಿಮಗೂ ಅನ್ವಯಿಸುತ್ತದೆ.

ಪಠ್ಯಪುಸ್ತಕದ ಎಲ್ಲ ಪ್ರತಿಗಳೂ ಹೊರಗೆ ಹೋಗಿವೆ ಅಂತ ಕಂಡರೆ, ಕೆಲವು ಗಂಟೆ ಮಾತ್ರ ಕೊಡುವ ಮೀಸಲು ಪ್ರತಿ ಇದೆಯಾ ಅಂತ ಕೇಳಿ. ಅಧ್ಯಾಪಕರು ಹೇಳಿ ಇರಿಸಿರುತ್ತಾರೆ, ಅದನ್ನು ಕೌಂಟರಿನ ಹಿಂದೆ ಇಟ್ಟಿರುತ್ತಾರೆ, ಕೇಳದೆ ಯಾರೂ ಹೇಳುವುದಿಲ್ಲ.

ರೆಫರೆನ್ಸ್ ಲೈಬ್ರೇರಿಯನ್ ಇರುವುದೇ ನಿಮ್ಮ ಪ್ರಶ್ನೆಗೆ. ಆದರೆ ಪ್ರಶ್ನೆ ಕೇಳುವ ರೀತಿಯಿಂದ ಸಿಗುವ ಸಹಾಯ ಬದಲಾಗುತ್ತದೆ. "ಮೇಡಂ, ನೀರಿನ ಪುಸ್ತಕ ಎಲ್ಲಿದೆ?" ಅಂದರೆ ಅವರು ಕಪಾಟು ತೋರಿಸುತ್ತಾರೆ, ಅಷ್ಟೇ. "ಮೇಡಂ, ಅಂತರ್ಜಲದ ಬಗ್ಗೆ ಒಂದು ಪ್ರಬಂಧ ಬರೀತಿದ್ದೀನಿ, ಕಳೆದ ಹತ್ತು ವರ್ಷದ ಲೇಖನಗಳು ಬೇಕು, ಇಷ್ಟು ಹುಡುಕಿದೆ, ಇಷ್ಟು ಸಿಕ್ಕಿತು, ಇನ್ನೆಲ್ಲಿ ನೋಡಲಿ?" ಅಂದರೆ ಅವರು ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಡೇಟಾಬೇಸ್, ಯಾವ ಪದ, ಯಾವ ಜರ್ನಲ್ ಅಂತ ತೋರಿಸುತ್ತಾರೆ. ಈ ಕೆಲಸಕ್ಕಾಗಿಯೇ ಓದಿ ಬಂದವರು ಅವರು. ಸಂಕೋಚ ಪಡಬೇಡಿ.

ಜರ್ನಲ್‌ಗಳು ಈಗ ಬಹುಪಾಲು ಆನ್‌ಲೈನ್. ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲಿ ಇದ್ದಾಗ ತೆರೆದುಕೊಳ್ಳುವ ಲೇಖನ ಮನೆಯಲ್ಲಿ ಹಣ ಕೇಳುತ್ತದೆ. ಹಣ ಕೊಡಬೇಡಿ. ವಿಶ್ವವಿದ್ಯಾಲಯ ಅದಕ್ಕೆ ಆಗಲೇ ಚಂದಾ ಕಟ್ಟಿರಬಹುದು. ಲೈಬ್ರರಿಯ ಪುಟದಿಂದ ನಿಮ್ಮ ಲಾಗಿನ್ ಮೂಲಕವೋ ವಿಪಿಎನ್ (ಮನೆಯಿಂದಲೇ ಕ್ಯಾಂಪಸ್ಸಿನ ನೆಟ್‌ವರ್ಕಿಗೆ ಸೇರಿಸುವ ವ್ಯವಸ್ಥೆ) ಮೂಲಕವೋ ಹೋದರೆ ಅದೇ ಲೇಖನ ತೆರೆಯುತ್ತದೆ. ಗೂಗಲ್ ಸ್ಕಾಲರ್ ಬಳಸುವವರು ಅದರ ಸೆಟ್ಟಿಂಗ್ಸಿನಲ್ಲಿ ಲೈಬ್ರರಿ ಲಿಂಕ್ಸ್ ಅನ್ನುವ ಕಡೆ ತಮ್ಮ ವಿಶ್ವವಿದ್ಯಾಲಯವನ್ನು ಹುಡುಕಿ ಸೇರಿಸಿಕೊಳ್ಳಿ. ನಿಮ್ಮ ಲೈಬ್ರರಿ ಆ ಸೌಲಭ್ಯಕ್ಕೆ ಸೇರಿದ್ದರೆ, ಅಲ್ಲಿರುವ ಲೇಖನದ ಪಕ್ಕದಲ್ಲೇ ಕೊಂಡಿ ಬರುತ್ತದೆ.

ನಿಮ್ಮ ಲೈಬ್ರರಿಯಲ್ಲಿ ಇಲ್ಲವೇ ಇಲ್ಲ ಅಂದರೆ ಅಲ್ಲಿಗೇ ಮುಗಿಯಲಿಲ್ಲ. ಲೈಬ್ರರಿಗಳು ಒಂದರಿಂದ ಒಂದು ಪುಸ್ತಕ ತರಿಸಿಕೊಡುತ್ತವೆ, ಇದಕ್ಕೆ ಇಂಟರ್ ಲೈಬ್ರರಿ ಲೋನ್ ಅನ್ನುತ್ತಾರೆ. ಲೇಖನವಾದರೆ ಸ್ಕ್ಯಾನ್ ಮಾಡಿ ಪಿಡಿಎಫ್ ಕಳಿಸುವುದೂ ಉಂಟು. ದಿನಗಳು ಹಿಡಿಯುತ್ತದೆ, ಕೆಲವು ಸಲ ವಾರಗಳು, ಹಾಗಾಗಿ ಸಲ್ಲಿಸುವ ದಿನ ಹತ್ತಿರ ಬಂದಾಗ ಕೇಳಿದರೆ ಪ್ರಯೋಜನ ಇಲ್ಲ. ಈ ಸೇವೆಯನ್ನು ವಿದ್ಯಾರ್ಥಿಗಳು ಬಳಸುವುದು ತೀರಾ ಕಡಿಮೆ, ನನಗೆ ಅದು ಯಾಕೆ ಅಂತ ಅರ್ಥವೇ ಆಗುವುದಿಲ್ಲ.

ಹಸ್ತಪ್ರತಿ, ಅಪರೂಪದ ಪುಸ್ತಕಗಳ ವಿಭಾಗಕ್ಕೆ ಮೊದಲೇ ತಿಳಿಸಿ ಹೋಗಬೇಕು. ಅಲ್ಲಿ ಪೆನ್ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಫೋಟೋ ತೆಗೆಯಲು ಒಪ್ಪಿದರೂ ಫ್ಲಾಶ್ ಬೇಡ ಅನ್ನುತ್ತಾರೆ.

ಕಣ್ಣು ಕಾಣದವರಿಗೆ, ಓದಲು ತೊಂದರೆ ಇರುವವರಿಗೆ ಸ್ಕ್ರೀನ್ ರೀಡರ್ ಇರುವ ಕಂಪ್ಯೂಟರ್, ಪುಸ್ತಕ ಸ್ಕ್ಯಾನ್ ಮಾಡಿಕೊಡುವ ವ್ಯವಸ್ಥೆ, ಕಪಾಟಿನಿಂದ ಪುಸ್ತಕ ತಂದುಕೊಡುವ ಸಹಾಯ ಎಷ್ಟೋ ಕಡೆ ಇದೆ. ಬೋರ್ಡಿನಲ್ಲಿ ಬರೆದಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ನಿಮಗೆ ಬೇಕಿಲ್ಲದಿದ್ದರೂ ನಿಮ್ಮ ಕ್ಲಾಸಿನಲ್ಲಿ ಬೇಕಾದವರು ಇರಬಹುದು, ಅವರಿಗೆ ಹೇಳಿ.

ಕೊನೆಯದಾಗಿ ಕೋರ್ಸ್ ಮುಗಿಯುವಾಗ. ಅಂಕಪಟ್ಟಿ ಕೊಡುವ ಮೊದಲು ಹೆಚ್ಚಿನ ಕಡೆ ಲೈಬ್ರರಿಯ ನೋ ಡ್ಯೂ, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಪತ್ರ, ಕೇಳುತ್ತಾರೆ. ಕೊನೆಯ ವಾರದ ಸಾಲಿನಲ್ಲಿ ನಿಲ್ಲುವ ಬದಲು ಒಂದು ತಿಂಗಳು ಮೊದಲೇ ನಿಮ್ಮ ಖಾತೆ ತೆರೆದು ನೋಡಿ, ವಾಪಸ್ ಕೊಟ್ಟ ಪುಸ್ತಕ ಇನ್ನೂ ನಿಮ್ಮ ಹೆಸರಿನಲ್ಲೇ ಇದ್ದರೆ ಆಗಲೇ ಕೌಂಟರಿಗೆ ಹೋಗಿ ಹೇಳಿ. ಹಳೆಯ ವಿದ್ಯಾರ್ಥಿಗಳಿಗೆ ಕಾರ್ಡ್ ಕೊಡುತ್ತಾರಾ ಅಂತ ಅದೇ ಸಲ ಕೇಳಿಬಿಡಿ, ಕೆಲವು ಕಡೆ ಕೊಡುತ್ತಾರೆ.